ನಕ್ಷೆಯಲ್ಲಿ ಬಿಳಿಯಾಗಿ ಉಳಿದ ಬೀದಿ

ಸೊಳ್ಳೆಯಿಂದ ಹರಡುವ ರೋಗಗಳ ಮೇಲೆ ನಿಗಾ ಇಡುವವರು ತಮಗೆ ಸಿಕ್ಕ ಮಾಹಿತಿಯನ್ನು ಜನರಿಗೆ ಯಾವ ಚಿತ್ರದಲ್ಲಿ ತೋರಿಸಬೇಕು? ಈ ಬಗ್ಗೆ ಬರುವ ಪತ್ರಗಳಲ್ಲಿ ಅವೇ ಪ್ರಶ್ನೆಗಳು ಮರಳಿ ಮರಳಿ ಬರುತ್ತಿವೆ. ಒಂದಕ್ಕೆ ಮಾತ್ರ ವಿವರವಾಗಿ ಉತ್ತರಿಸುತ್ತೇನೆ. ಉಳಿದವಕ್ಕೆ ಅಷ್ಟು ಮಾತು ಬೇಕಿಲ್ಲ.

ಡೆಂಗಿ ಬಂದವರ ಪ್ರತಿ ಮನೆಗೂ ಕೆಂಪು ಚುಕ್ಕೆ ಇಟ್ಟು ವಾರಕ್ಕೊಮ್ಮೆ ನಕ್ಷೆ ಪ್ರಕಟಿಸುತ್ತೇವೆ. ಕೆಲವರು ಗಾಬರಿಯಾಗುತ್ತಾರೆ, ಬಹಳ ಮಂದಿ ನಿಶ್ಚಿಂತರಾಗುತ್ತಾರೆ. ಎಲ್ಲಿ ತಪ್ಪಿದ್ದೇವೆ?

ಮೊದಲು ಆ ಚುಕ್ಕೆಗಳನ್ನು ಅಳಿಸಿ. ಮನೆಯ ಮೇಲೆ ಚುಕ್ಕೆ ಇಡುವುದೂ ರೋಗಿಯ ಹೆಸರು ಬರೆದು ಹಚ್ಚುವುದೂ ಒಂದೇ. ಸಾಲದ್ದಕ್ಕೆ ಆ ಚುಕ್ಕೆ ಜನರ ದಾರಿ ತಪ್ಪಿಸುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮಗುವಿಗೆ ಶಾಲೆಯಲ್ಲಿ ಕಚ್ಚಿರಬಹುದು, ತಾಯಿಗೆ ಕೆಲಸದ ಜಾಗದಲ್ಲಿ. ಚುಕ್ಕೆ ಬೀಳುವುದು ಮಾತ್ರ ಮನೆಯ ಮೇಲೆ. ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು 4ರಿಂದ 10 ದಿನ ಬೇಕು. ಆಮೇಲೆ ವೈದ್ಯರ ಭೇಟಿ, ರಕ್ತಪರೀಕ್ಷೆ, ವರದಿ. ನೀವು ಇಂದು ಪ್ರಕಟಿಸುವ ನಕ್ಷೆಯಲ್ಲಿರುವುದು ಎಂದೋ ಆಗಿಹೋದ ಕಡಿತ.

ಜನ ನಿಶ್ಚಿಂತರಾಗುವುದೇಕೆ ಎಂಬುದು ನನಗೆ ತಿಳಿದದ್ದು ಒಬ್ಬ ಹೆಂಗಸಿನಿಂದ. ನಾವೇ ಬರೆಸಿದ್ದ ನಕ್ಷೆಯನ್ನು ಆಕೆಯ ಮುಂದೆ ಹರಡಿ, ಏನು ಕಾಣುತ್ತದೆ ಎಂದು ಕೇಳಿದೆ. ಆಕೆ ಬೆರಳಿಟ್ಟು ತನ್ನ ಬೀದಿಯನ್ನು ಹುಡುಕಿದರು. ಅದು ಬಿಳಿಯಾಗಿತ್ತು. "ಸದ್ಯ, ನಮ್ಮಲ್ಲಿಲ್ಲ" ಎಂದು ನಕ್ಷೆಯನ್ನು ಮಡಚಿ ನನ್ನ ಕೈಗಿಟ್ಟರು. ಆ ಬೀದಿಗೆ ನಮ್ಮ ಸಮೀಕ್ಷೆಯವರು ಕಾಲಿಟ್ಟೇ ಇರಲಿಲ್ಲ. ಹುಡುಕಿ ಸಿಗದಿದ್ದ ಜಾಗಕ್ಕೂ ಹುಡುಕದೇ ಬಿಟ್ಟ ಜಾಗಕ್ಕೂ ನಾವು ಒಂದೇ ಬಿಳಿ ಬಳಿದಿದ್ದೆವು. ಆ ನಕ್ಷೆಯನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ.

ಹಾಗಾಗಿ, ಸಮೀಕ್ಷೆ ನಡೆಯದ ಜಾಗಕ್ಕೆ ಓರೆಗೆರೆ ಹಾಕಿ, "ಇಲ್ಲಿ ಇನ್ನೂ ನೋಡಿಲ್ಲ" ಎಂದು ಅದರ ಮೇಲೆಯೇ ಬರೆಯಿರಿ. ಉಳಿದ ಜಾಗಗಳಿಗೆ ಒಂದೇ ಬಣ್ಣದ ತಿಳಿಯಿಂದ ಗಾಢದವರೆಗಿನ ಛಾಯೆಗಳು ಸಾಕು. ಕೆಂಪು–ಹಸಿರು ಜೋಡಿ ಬೇಡವೇ ಬೇಡ: ಅವೆರಡನ್ನೂ ಬೇರೆಬೇರೆಯಾಗಿ ಕಾಣಲಾಗದವರು ಗಂಡಸರಲ್ಲಿ ಬಹಳ ಮಂದಿ ಇದ್ದಾರೆ; ಕಾಣುವವರು ಹಸಿರನ್ನು ಅಭಯವೆಂದೇ ಓದುತ್ತಾರೆ. ರೋಗಿಗಳ ಬರಿಯ ಎಣಿಕೆಗೆ ಬಣ್ಣ ಹಚ್ಚಿದರೆ ಜನ ಕಿಕ್ಕಿರಿದ ಬಡಾವಣೆಯೇ ಯಾವಾಗಲೂ ಗಾಢವಾಗಿ ಕಾಣುತ್ತದೆ. ಪ್ರತಿ 10,000 ಜನರಿಗೆ ಎಷ್ಟು ಎಂದು ಲೆಕ್ಕ ಹಾಕಿ.

ವಾರವಾರದ ಏರಿಳಿತಕ್ಕೆ ಕಂಬಚಿತ್ರ ಸಾಕು. ಜ್ವರ ಶುರುವಾದ ವಾರದ ಲೆಕ್ಕದಲ್ಲಿ ಕಂಬಗಳನ್ನು ನಿಲ್ಲಿಸಿ. ಕೊನೆಯ ಎರಡು ಕಂಬಗಳು ಯಾವಾಗಲೂ ಗಿಡ್ಡವಾಗಿರುತ್ತವೆ, ಏಕೆಂದರೆ ವರದಿಗಳು ಇನ್ನೂ ಬರಬೇಕಿರುತ್ತವೆ. ಅವನ್ನು ಮಾಸಲು ಬಣ್ಣದಲ್ಲಿ ತೋರಿಸದಿದ್ದರೆ ಪ್ರತಿ ವಾರವೂ "ರೋಗ ಇಳಿಮುಖ" ಎಂಬ ತಲೆಬರಹ ಬರುತ್ತದೆ. ಅದನ್ನು ಓದಿ ಓದಿ ನನಗೆ ಸಾಕಾಗಿದೆ.

ಲಾರ್ವಾ, ಅಂದರೆ ನೀರಿನಲ್ಲಿ ಬೆಳೆಯುವ ಸೊಳ್ಳೆಯ ಮರಿಹುಳು, ಎಷ್ಟು ಮನೆಗಳಲ್ಲಿದೆ ಎಂಬ ಸಮೀಕ್ಷೆಯನ್ನು ಸೂಚ್ಯಂಕದ ಹೆಸರಿನಲ್ಲಿ ಹೇಳಬೇಡಿ. 100 ಪುಟ್ಟ ಮನೆಗಳನ್ನು ಸಾಲಾಗಿ ಬರೆಯಿರಿ. 12ರಲ್ಲಿ ಲಾರ್ವಾ ಸಿಕ್ಕಿದ್ದರೆ 12ಕ್ಕೆ ಬಣ್ಣ ತುಂಬಿ. ಪಕ್ಕದಲ್ಲಿ ಒಂದೇ ಒಂದು ಫೋಟೊ: ನೀರಿನ ಪಾತ್ರೆಯ ಒಳಗೋಡೆ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಅಂಟಿದ ಕರಿಯ ಮೊಟ್ಟೆಗಳು, ಮಸಿಯ ಕಣಗಳಂತೆ. ನೀರು ಚೆಲ್ಲಿದರೂ ಅವು ಒಣಗಿದ ಗೋಡೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ನೀರು ತಾಕಿದ ಮೇಲೆ ಒಡೆಯುತ್ತವೆ. ತಿಕ್ಕಿ ತೊಳೆಯಬೇಕು ಎಂಬ ಮಾತು ಆ ಫೋಟೊ ನೋಡಿದವರಿಗೆ ನಾಟುವಷ್ಟು ಇನ್ನಾವುದರಿಂದಲೂ ನಾಟಿದ್ದನ್ನು ನಾನು ಕಂಡಿಲ್ಲ.

ಪ್ರಕಟಿಸುವ ಮುನ್ನ ನಿಮ್ಮ ಕಚೇರಿಯವರಲ್ಲದ ಐದು ಜನರಿಗೆ ತೋರಿಸಿ. "ಅರ್ಥವಾಯಿತೇ?" ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. "ಇದನ್ನು ನೋಡಿ ನಾಳೆ ಏನು ಮಾಡುತ್ತೀರಿ?" ಎಂದು ಕೇಳಿ.

ಯಾವ ಸೊಳ್ಳೆಯ ಫೋಟೊ ಹಾಕಬೇಕು?

ಆ ರೋಗವನ್ನು ಹರಡುವ ಸೊಳ್ಳೆಯದು. ಡೆಂಗಿಗೆ ಕಾಲಿನಲ್ಲಿ ಬಿಳಿ ಪಟ್ಟೆಗಳಿರುವ ಈಡಿಸ್, ಮಲೇರಿಯಾಕ್ಕೆ ಹಿಂಭಾಗ ಎತ್ತಿ ಓರೆಯಾಗಿ ಕೂರುವ ಅನಾಫಿಲಿಸ್. ಅಂಗೈಯಷ್ಟು ದೊಡ್ಡದಾಗಿ ಅಚ್ಚು ಹಾಕಿದರೆ ಮೂಲೆಯಲ್ಲಿ ನಿಜವಾದ ಗಾತ್ರವನ್ನೂ ತೋರಿಸಿ.

ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸಬಹುದೇ?

ಬೇಡ. ಈಚೆಗೆ ನನ್ನ ಮೇಜಿಗೆ ಬಂದ ಒಂದರಲ್ಲಿ ಸೊಳ್ಳೆಗೆ ನಾಲ್ಕು ರೆಕ್ಕೆಗಳಿದ್ದವು. ಸೊಳ್ಳೆಗೆ ಇರುವುದು ಎರಡು.

ಹೊಗೆಯಂತ್ರದ ಫೋಟೊ ಹಾಕಿದರೆ ಕೆಲಸ ನಡೆದಿದೆ ಎಂದು ಜನರಿಗೆ ಧೈರ್ಯ ಬರುವುದಿಲ್ಲವೇ?

ಬರುತ್ತದೆ, ಅದೇ ತೊಂದರೆ. ಹೊಗೆಗೆ ಸಾಯುವುದು ಆ ಹೊತ್ತಿನಲ್ಲಿ ಅದು ತಾಕಿದ ಸೊಳ್ಳೆ ಮಾತ್ರ. ಪಾತ್ರೆಯೊಳಗಿನ ಲಾರ್ವಾಕ್ಕೆ ಏನೂ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಮಲಗಿರುವ ಮಗುವಿನ ಫೋಟೊ?

ಕೂಡದು.

ಶ್ರವಣಾತೀತ ಶಬ್ದದಿಂದ ಸೊಳ್ಳೆ ಓಡಿಸುವ ಮೊಬೈಲ್ ಆ್ಯಪ್‌ನವರು ನಮ್ಮ ನಕ್ಷೆಯ ಅಚ್ಚಿನ ಖರ್ಚು ಕೊಡುತ್ತೇವೆ ಎನ್ನುತ್ತಾರೆ. ಜಾಹೀರಾತು ಹಾಕಬಹುದೇ?

ಆ ಶಬ್ದಕ್ಕೆ ಸೊಳ್ಳೆ ಓಡುವುದಿಲ್ಲ. ಪರೀಕ್ಷಿಸಿ ನೋಡಿದಾಗಲೆಲ್ಲ ಕಡಿತ ಕಡಿಮೆಯಾಗಲಿಲ್ಲ. ಇದನ್ನು ಮಾರುವವರು ಜನರ ಭಯವನ್ನು ಬಂಡವಾಳ ಮಾಡಿಕೊಂಡವರು. ಅವರ ಹಣವಿಲ್ಲದೆ ಬಣ್ಣದ ಅಚ್ಚು ಆಗದಿದ್ದರೆ ಕಪ್ಪುಬಿಳುಪಿನಲ್ಲೇ ಅಚ್ಚು ಹಾಕಿ. ಓರೆಗೆರೆ ಅದರಲ್ಲೂ ಚೆನ್ನಾಗಿ ಕಾಣುತ್ತದೆ.