ಊದುವ ಯಂತ್ರ ಬೀರು ಸೇರಿದಾಗ

ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕರು. ವಯಸ್ಸು ನಲವತ್ತರ ಮೇಲೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಎರಡು ವರ್ಷದ ಹಿಂದೆ ಅವರಿಗೆ ಎರಡೂ ಶ್ವಾಸಕೋಶಗಳ ಕಸಿ ಆಗಿತ್ತು. ಮೊದಲು ನನ್ನ ಹತ್ತಿರ ಬಂದದ್ದು ಅವರ ಹೆಂಡತಿ. "ಈಗ ಉಸಿರು ಅಳೆಯುವ ಸ್ಪೈರೋಮೀಟರ್ ಊದುವುದೇ ಇಲ್ಲ. ಕೇಳಿದರೆ ಸಿಟ್ಟು ಮಾಡ್ತಾರೆ."

ಆಮೇಲೆ ಅವರನ್ನೇ ಕೂರಿಸಿ ಮಾತಾಡಿದೆ. ಮೊದಲ ಸೆಕೆಂಡಿನಲ್ಲಿ ಊದಿ ಹೊರಹಾಕುವ ಗಾಳಿ, ಅವರ ಒಳ್ಳೆಯ ದಿನಗಳಲ್ಲಿ 2.5 ಲೀಟರ್ ಇತ್ತು. ಜೂನ್‌ನಲ್ಲಿ 2.3, ಆಮೇಲೆ 2.2. ಮಳೆಗಾಲ ಅಲ್ವಾ, ಶೀತ ಇರಬೇಕು ಅಂದುಕೊಂಡರು. 2.1 ಬಂದ ದಿನ ಯಂತ್ರ ಬೀರು ಸೇರಿತು. ವಾರ್ಡಿನಲ್ಲಿ ಜೊತೆಗಿದ್ದ ಗೆಳೆಯರೊಬ್ಬರು ತೀರಿಹೋಗಿದ್ದರು. "ಅವನಿಗೂ ಹೀಗೇ ಶುರುವಾದದ್ದು" ಅಂದರು.

ಆ ಹೆದರಿಕೆ ಸುಮ್ನೆ ಬಂದದ್ದಲ್ಲ. ಹಾಗಾಗಿ ಸಮಾಧಾನದ ಮಾತು ಬಿಟ್ಟು ಇದ್ದದ್ದನ್ನೇ ಹೇಳಿದೆ. ಅಳತೆ ನೂರಕ್ಕೆ 20ರಷ್ಟು ಇಳಿದು ಮೂರು ವಾರ ದಾಟಿದರೂ ಏರದಿದ್ದರೆ, ಬೇರೆ ಕಾರಣ ಸಿಗದಿದ್ದರೆ, ಡಾಕ್ಟರರು ಕ್ಲಾಡ್ ಅಂತ ಸಂಶಯಪಡುತ್ತಾರೆ. ಕಸಿ ಮಾಡಿದ ಶ್ವಾಸಕೋಶ ನಿಧಾನವಾಗಿ ಸೋಲುವ ಕಾಯಿಲೆ ಅದು. ನಿಮ್ಮ ಲೆಕ್ಕದಲ್ಲಿ ಆ ಗೆರೆ 2 ಲೀಟರ್, ನೀವಿನ್ನೂ ಅಲ್ಲಿಗೆ ತಲುಪಿಲ್ಲ. ಸೋಂಕಿನಿಂದಲೂ ಇಳಿಯುತ್ತದೆ, ಅದಕ್ಕೆ ಮದ್ದಿದೆ. ಕ್ಲಾಡ್‌ನಲ್ಲಿ ಹೋದ ಶಕ್ತಿ ಮಾತ್ರ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಚಿಕಿತ್ಸೆಯಿಂದ ಇಳಿತವನ್ನು ನಿಧಾನ ಮಾಡಬಹುದು, ಕೆಲವರಲ್ಲಿ ತಡೆಯಬಹುದು, ಅಷ್ಟೇ. ಅದಕ್ಕೇ ತಡ ಮಾಡಬಾರದು. ನನ್ನೆದುರೇ ಕಸಿ ಕೇಂದ್ರಕ್ಕೆ ಫೋನ್ ಮಾಡಿಸಿದೆ.

ಮನೆಯಲ್ಲಿ ಇನ್ನೊಂದು ಜಗಳ ನಡೆದಿತ್ತು. ತೋಟದ ತರಗೆಲೆಗೆ ಬೆಂಕಿ ಹಾಕಿದ್ದಕ್ಕೇ, ಒಂದೆರಡು ಸಲ ಮಾತ್ರೆ ತಪ್ಪಿದ್ದಕ್ಕೇ ಹೀಗಾಯಿತು ಅಂತ ಹೆಂಡತಿಯ ದೂರು. ಶ್ವಾಸಕೋಶ ಕಸಿಯಾದವರಲ್ಲಿ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನರಿಗೆ ಕ್ಲಾಡ್ ಬರುತ್ತದೆ, ಒಂದು ಮಾತ್ರೆಯೂ ತಪ್ಪಿಸದವರಿಗೂ ಬರುತ್ತದೆ ಅಂತ ಇಬ್ಬರಿಗೂ ಹೇಳಿದೆ. ಆಕೆ ಅತ್ತುಬಿಟ್ಟರು.

ಹಾಗಂತ ಜಾಗ್ರತೆ ಬಿಡುವಂತಿಲ್ಲ. ದೇಹವು ಕಸಿಯನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆ ಹನ್ನೆರಡು ಗಂಟೆಗೊಮ್ಮೆ ತಪ್ಪದೆ ಬೇಕು. ರಕ್ತ ಪರೀಕ್ಷೆಯ ಬೆಳಿಗ್ಗೆ ಮಾತ್ರ ರಕ್ತ ಕೊಟ್ಟ ಮೇಲೆ ನುಂಗಬೇಕು. ಊರ ಕ್ಲಿನಿಕ್‌ನಲ್ಲಿ ಕೆಮ್ಮಿಗೆ ಏನೇ ಬರೆದುಕೊಟ್ಟರೂ ಕೇಂದ್ರವನ್ನು ಕೇಳದೆ ಬೇಡ. ಕ್ಲಾರಿಥ್ರೋಮೈಸಿನ್‌ನಂಥ ಮಾತ್ರೆ ಟ್ಯಾಕ್ರೋಲಿಮಸ್ ಮಟ್ಟವನ್ನು ಸಿಕ್ಕಾಪಟ್ಟೆ ಏರಿಸುತ್ತದೆ. ಕಷಾಯಕ್ಕೂ ಇದೇ ಮಾತು. ಚಕ್ಕೋತ ತಿನ್ನಬಾರದು. ಬೂಸಲು ಬಂದ ಅಡಿಕೆ, ಹಟ್ಟಿಗೊಬ್ಬರದ ಕೆಲಸ ಬೇರೆಯವರು ಮಾಡಲಿ. ಆಸ್ಪತ್ರೆಯ ಚೀಟಿ ಇಂಗ್ಲಿಷ್‌ನಲ್ಲಿತ್ತು, ಆಕೆ ಕನ್ನಡ ಶಾಲೆಯಲ್ಲಿ ಕಲಿತವರು. ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಟ್ಟೆ. ಗಡಿನಾಡಿನಲ್ಲಿ ಇದನ್ನು ಯಾರಾದರೂ ಮಾಡಲೇಬೇಕು. ಅಳತೆ ಈಗಿನದಕ್ಕಿಂತ ಕೆಳಗೆ ಒಂದೆರಡು ದಿನ ನಿಂತರೆ ಆಕೆಯೇ ಫೋನ್ ಮಾಡುವುದು ಅಂತ ಒಪ್ಪಂದವೂ ಆಯಿತು.

ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿಯಲ್ಲಿ ಸೋಂಕು ಕಾಣಲಿಲ್ಲ. ಹೊಟ್ಟೆಯ ಆಮ್ಲ ಮೇಲೆ ಬರುವ ತೊಂದರೆ ಇತ್ತು, ಅದಕ್ಕೆ ಔಷಧಿ ಕೊಟ್ಟರು. ಇಳಿತ ತಡೆಯಲು ವಾರಕ್ಕೆ ಮೂರು ದಿನ ಅಜಿಥ್ರೋಮೈಸಿನ್ ಮಾತ್ರೆ ಕೂಡ ಕೇಂದ್ರದವರೇ ಶುರುಮಾಡಿದರು. ಸದ್ಯಕ್ಕೆ ಅಳತೆ 2.1ರಲ್ಲಿ ನಿಂತಿದೆ. ಇನ್ನೂ ಇಳಿದರೆ ಫೋಟೋಫೆರೆಸಿಸ್ (ರಕ್ತದ ಬಿಳಿಕಣಗಳನ್ನು ಹೊರತೆಗೆದು ಬೆಳಕಿನ ಚಿಕಿತ್ಸೆ ಕೊಟ್ಟು ವಾಪಸ್ ಸೇರಿಸುವುದು) ಇದೆ, ಕೆಲವರಿಗೆ ಮರುಕಸಿಯೂ ಆಗುತ್ತದೆ, ಎಲ್ಲರಿಗೂ ಅಲ್ಲ. ಆ ಮಾತು ಇನ್ನೂ ಬಾಕಿ ಇದೆ. ಹೆಂಡತಿಯ ಎದುರೇ ಮಾತಾಡೋಣ ಅಂತ ಅವರೇ ಹೇಳಿದ್ದಾರೆ.