ಓದುಗರ ಪ್ರಶ್ನೆ, ನಮ್ಮ ಉತ್ತರ: ಬೇಟೆಯ ಮೊಲವನ್ನು ಹಸನು ಮಾಡುವುದು ಹೇಗೆ?

ಪ್ರಶ್ನೆ: ಮಾನ್ಯರೇ, ನಾವು ಮಂಡ್ಯದ ಕಡೆಯವರು, ಈಗ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬ್ಯಾಲರಾಟ್ ಊರಿನಲ್ಲಿ ನೆಲೆಸಿದ್ದೇವೆ. ಊರಾಚೆಯ ಕುರಿ ಫಾರಂ ಒಂದರ ಮಾಲೀಕರು ತಮ್ಮ ಜಮೀನಿನಲ್ಲಿ ಮೊಲ ಹೊಡೆಯಲು ಬಂದೂಕಿನ ಪರವಾನಗಿ ಇರುವ ನನ್ನ ಸಹೋದ್ಯೋಗಿಗೆ ಅನುಮತಿ ಕೊಟ್ಟಿದ್ದಾರೆ, ನಾನೂ ಜೊತೆಗೆ ಹೋಗುತ್ತೇನೆ. ಊರಿನಲ್ಲಿ ನಾಟಿಕೋಳಿ ಹಸನು ಮಾಡಿದ ರೂಢಿ ನನಗಿದೆ. ಆದರೆ ಬೆಳಿಗ್ಗೆ ಹೊಡೆದ ಮೊಲಗಳನ್ನು ಸಂಜೆ ಮನೆಗೆ ತಂದು ಬಗೆದಾಗ ಹೊಟ್ಟೆಯ ಮಾಂಸ ಹಸಿರು ಬಣ್ಣಕ್ಕೆ ತಿರುಗಿತ್ತು, ವಾಸನೆ ತಡೆಯಲಾಗಲಿಲ್ಲ, ಮಾಂಸದ ತುಂಬ ಕೂದಲು ಅಂಟಿತ್ತು. ಕರುಳು ತೆಗೆಯುವುದು ಮೊದಲೋ ಚರ್ಮ ಸುಲಿಯುವುದು ಮೊದಲೋ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಕರುಳು ಮೊದಲು, ಅದೂ ಮೊಲ ಬಿದ್ದ ಜಾಗದಲ್ಲಿಯೇ. ನೀವು ಕೋಳಿಯ ಲೆಕ್ಕದಲ್ಲಿ ಯೋಚಿಸಿದ್ದೀರಿ, ಆದರೆ ಮೊಲದ ಹೊಟ್ಟೆ ಬೇರೆಯೇ ಬಗೆಯದು. ಹುಲ್ಲನ್ನು ಹುದುಗಿಸಿ ಜೀರ್ಣಿಸಿಕೊಳ್ಳುವ ಕುರುಡುಗರುಳು ಎಂಬ ತೆಳುವಾದ ಗೋಡೆಯ ಚೀಲವೇ ಅದರ ಹೊಟ್ಟೆಯೊಳಗಿನ ಅತಿ ದೊಡ್ಡ ಅಂಗ. ಪ್ರಾಣಿ ಸತ್ತ ಮೇಲೂ ಆ ಚೀಲದೊಳಗಿನ ಹುದುಗುವಿಕೆ ನಿಲ್ಲುವುದಿಲ್ಲವಾದ್ದರಿಂದ ಹೊಟ್ಟೆ ಉಬ್ಬುತ್ತದೆ, ಅದರ ರಸ ಮತ್ತು ಅನಿಲ ಪಕ್ಕದ ತೆಳು ಮಾಂಸಕ್ಕೆ ಇಳಿಯುತ್ತವೆ. ನೀವು ಕಂಡ ಹಸಿರು ಬಣ್ಣಕ್ಕೂ ವಾಸನೆಗೂ ಕಾರಣ ಅದೇ. ಅಂಥ ಹೊಟ್ಟೆಯ ಪದರವನ್ನು ತೊಳೆದು ಉಳಿಸಿಕೊಳ್ಳಲು ನೋಡಬೇಡಿ, ಕತ್ತರಿಸಿ ಎಸೆಯಿರಿ. ವಾಸನೆ ತೊಡೆ ಮತ್ತು ಬೆನ್ನಿಗೂ ಹತ್ತಿದ್ದರೆ ಇಡೀ ಮೊಲವನ್ನೇ ಬಿಡುವುದು ಒಳಿತು.

ಮೊದಲು ಮೂತ್ರಕೋಶವನ್ನು ಬರಿದು ಮಾಡಬೇಕು. ಮೊಲವನ್ನು ತಲೆ ಮೇಲಾಗಿ ಹಿಡಿದು, ಎರಡೂ ಹೆಬ್ಬೆರಳುಗಳಿಂದ ಹೊಟ್ಟೆಯನ್ನು ಮೇಲಿನಿಂದ ಕಿಬ್ಬೊಟ್ಟೆಯ ಕಡೆಗೆ ಮೆಲ್ಲಗೆ ಒತ್ತುತ್ತಾ ಬಂದರೆ ಮೂತ್ರ ಹೊರಗೆ ಚಿಮ್ಮುತ್ತದೆ. ಅನುಭವಿಗಳು ಇದನ್ನು ಮೊಲ ಕೈಗೆ ಸಿಕ್ಕ ಕೂಡಲೇ ಮಾಡುತ್ತಾರೆ, ಏಕೆಂದರೆ ಮಾಂಸಕ್ಕೆ ಮೂತ್ರ ತಗುಲಿದರೆ ಮಸಾಲೆ ಎಷ್ಟೇ ಹಾಕಿದರೂ ಆ ಕೆಟ್ಟ ರುಚಿ ಹೋಗುವುದಿಲ್ಲ.

ಆಮೇಲೆ ಮೊಲವನ್ನು ಬೆನ್ನ ಮೇಲೆ ಮಲಗಿಸಿ, ಎದೆಗೂಡು ಮುಗಿಯುವಲ್ಲಿ ಚರ್ಮವನ್ನು ಎರಡು ಬೆರಳಿನಿಂದ ಚಿವುಟಿ ಮೇಲೆತ್ತಿ ಹಿಡಿದು, ಸಣ್ಣ ಚಾಕುವಿನ ತುದಿಯಿಂದ ಒಂದು ತೂತು ಮಾಡಿ, ಅಲಗಿನ ಹರಿತವಾದ ಬದಿ ಆಕಾಶ ನೋಡುವಂತೆ ತಿರುಗಿಸಿಕೊಂಡು ಬಾಲದ ಕಡೆಗೆ ಸೀಳುತ್ತಾ ಹೋಗಬೇಕು. ಅಲಗನ್ನು ಕೆಳಮುಖವಾಗಿ ಹಿಡಿದರೆ ಕರುಳು ಒಡೆಯುವುದು ಖಂಡಿತ. ಸೀಳಿನೊಳಗೆ ಎರಡು ಬೆರಳುಗಳನ್ನು ಇಳಿಸಿ ಜಠರದ ಹಿಂಬದಿಗೆ ಕೊಕ್ಕೆಯಂತೆ ಹಾಕಿ ಕೆಳಕ್ಕೆ ಎಳೆದರೆ ಜಠರ, ಕುರುಡುಗರುಳು, ಸಣ್ಣ ಕರುಳು ಎಲ್ಲವೂ ಒಂದೇ ಗಂಟಾಗಿ ಹೊರಬರುತ್ತವೆ. ಹಿಂಗಾಲುಗಳ ನಡುವಿನ ಎಲುಬನ್ನು ಚಾಕುವಿನಿಂದ ಒತ್ತಿ ಸೀಳಿದರೆ ಕೊನೆಯ ಕರುಳಿನಲ್ಲಿ ಉಳಿದ ಹಿಕ್ಕೆಗಳನ್ನೂ ಗುದದ ಸುತ್ತಲಿನ ವಾಸನೆಯ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯಬಹುದು. ಎದೆ ಮತ್ತು ಹೊಟ್ಟೆಯ ನಡುವಿನ ತೆಳುವಾದ ಪರದೆಯನ್ನು ಬೆರಳಿನಿಂದಲೇ ಹರಿದು ಗುಂಡಿಗೆ ಮತ್ತು ಶ್ವಾಸಕೋಶಗಳನ್ನು ಎಳೆದುಬಿಡಿ. ಲಿವರ್ ಬೇಕಿದ್ದರೆ ಅದಕ್ಕೆ ಅಂಟಿಕೊಂಡಿರುವ ಹಸಿರು ಪಿತ್ತಕೋಶವನ್ನು ಒಡೆಯದಂತೆ, ಸುತ್ತಲಿನ ಚೂರು ಲಿವರ್ ಹೋದರೂ ಚಿಂತೆಯಿಲ್ಲ ಎಂದುಕೊಂಡು, ಕತ್ತರಿಸಿ ತೆಗೆಯಿರಿ.

ಚರ್ಮ ಸುಲಿಯಲು ಮನೆಗೆ ಬರುವವರೆಗೆ ಕಾಯಬಹುದು. ಮೈ ಬಿಸಿ ಇರುವಾಗ ಚರ್ಮ ಬೇಗ ಬಿಡುತ್ತದೆ ಎಂಬುದು ನಿಜವಾದರೂ, ಹೊಲದ ಧೂಳು ಮತ್ತು ನೊಣಗಳಿಂದ ಮಾಂಸವನ್ನು ಕಾಪಾಡುವುದು ಅದೇ ಚರ್ಮವಲ್ಲವೇ? ಒಂದು ಹಿಂಗಾಲಿನ ಹಿಮ್ಮಡಿಯ ನರ ಮತ್ತು ಎಲುಬಿನ ನಡುವೆ ಸೀಳು ಮಾಡಿ ಇನ್ನೊಂದು ಕಾಲನ್ನು ಅದರೊಳಗೆ ತೂರಿಸಿದರೆ ಮೊಲಗಳನ್ನು ಕೋಲಿಗೆ ನೇತುಹಾಕಬಹುದು. ಗಾಳಿ ಆಡುವ ನೆರಳಿನಲ್ಲಿ ಅವು ಬೇಗ ತಣಿಯುತ್ತವೆ. ಬಿಸಿ ಇರುವ ಮೊಲಗಳನ್ನು ಒಂದರ ಮೇಲೊಂದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಾರಿನ ಡಿಕ್ಕಿಯಲ್ಲಿ ಇಡುವುದು ಮಾತ್ರ ಬೇಡ. ಬೇಟೆಗೆ ನಿಮ್ಮಲ್ಲಿನ ಚಳಿಗಾಲ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲವೇ ಒಳ್ಳೆಯದು. ಬೇಸಿಗೆಯಾದರೆ ಐಸ್ ತುಂಬಿದ ಪೆಟ್ಟಿಗೆ ಜೊತೆಯಲ್ಲಿ ಇರಲೇಬೇಕು.

ಸುಲಿಯುವ ಕೆಲಸಕ್ಕೆ ಚಾಕುವಿಗಿಂತ ಬೆರಳುಗಳೇ ಹೆಚ್ಚು ಬೇಕಾಗುತ್ತವೆ. ನಾಲ್ಕೂ ಪಾದಗಳನ್ನು ಕೀಲಿನಲ್ಲಿ ಕತ್ತರಿಸಿ, ಹೊಟ್ಟೆಯ ಸೀಳಿನ ಅಂಚಿನಲ್ಲಿ ಚರ್ಮ ಮತ್ತು ಮಾಂಸದ ನಡುವೆ ಬೆರಳು ತೂರಿಸುತ್ತಾ ಎರಡೂ ಕಡೆಯಿಂದ ಬೆನ್ನಿನವರೆಗೆ ಬಿಡಿಸಿಕೊಳ್ಳಿ. ಹಿಂಗಾಲಿನ ಮೊಣಕಾಲನ್ನು ಒಳಗಿನಿಂದ ಮೇಲಕ್ಕೆ ದೂಡಿದರೆ ಕಾಲು ಚರ್ಮದಿಂದ ಜಾರಿ ಹೊರಬರುತ್ತದೆ. ಎರಡೂ ಕಾಲು ಬಿಡಿಸಿ, ಬಾಲವನ್ನು ಕತ್ತರಿಸಿದ ಮೇಲೆ ಹಿಂಗಾಲುಗಳನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಒದ್ದೆಯಾದ ಅಂಗಿಯನ್ನು ತಲೆಯ ಮೇಲಿನಿಂದ ಕಳಚುವ ಹಾಗೆ ಚರ್ಮವನ್ನು ಕುತ್ತಿಗೆಯವರೆಗೆ ಎಳೆದು, ಮುಂಗಾಲುಗಳನ್ನು ಬಿಡಿಸಿ, ತಲೆಯನ್ನು ಚರ್ಮದ ಸಮೇತ ಕತ್ತರಿಸಿ ತೆಗೆಯಿರಿ. ಕೂದಲು ಅಂಟುವುದಕ್ಕೆ ಕಾರಣ ಸಾಮಾನ್ಯವಾಗಿ ಕೈಯೇ: ಚರ್ಮ ಹಿಡಿದ ಕೈಯಿಂದ ಮಾಂಸವನ್ನು ಮುಟ್ಟಬಾರದು. ಚಾಕುವಿನಿಂದ ಕತ್ತರಿಸುವಾಗಲೂ ಒಳಗಿನಿಂದ ಹೊರಕ್ಕೆ ಕತ್ತರಿಸಿದರೆ ಕೂದಲು ತುಂಡಾಗಿ ಉದುರುವುದಿಲ್ಲ. ಅಂಟಿದ ಕೆಲವು ಕೂದಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕೋಳಿಯ ಹಾಗೆ ಬಿಸಿನೀರಿನಲ್ಲಿ ಅದ್ದುವ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಗುಂಡು ತಗುಲಿದ ಜಾಗದ ಕಪ್ಪುರಕ್ತ ಕಟ್ಟಿದ ಮಾಂಸವನ್ನು ಉದಾರವಾಗಿಯೇ ಕತ್ತರಿಸಿ. ಚರೆಗುಂಡು ಬಳಸಿದ್ದರೆ ಪ್ರತಿ ತೂತನ್ನೂ ಬೆರಳಿನಿಂದ ತಡಕಿ ಸೀಸದ ಕಾಳನ್ನೂ ಅದರೊಂದಿಗೆ ಒಳನುಗ್ಗಿದ ಕೂದಲಿನ ಎಳೆಯನ್ನೂ ತೆಗೆಯಬೇಕು.

ನೀವು ಕೇಳದ ಒಂದು ವಿಷಯವನ್ನು ಹೇಳಲೇಬೇಕು, ನನ್ನ ದೃಷ್ಟಿಯಲ್ಲಿ ಚಾಕುವಿನ ಕೆಲಸಕ್ಕಿಂತ ಮುಖ್ಯವಾದದ್ದು ಅದು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ನಿಮ್ಮ ರಾಜ್ಯದ ವಿಂಚೆಲ್ಸಿ ಬಳಿಯ ಬಾರ್ವನ್ ಪಾರ್ಕ್‌ನಲ್ಲಿ ಬೇಟೆಗೆಂದು ಬಿಟ್ಟ ಇಂಗ್ಲೆಂಡಿನ ಮೊಲಗಳು ದೇಶಕ್ಕೇ ಪಿಡುಗಾಗಿ ಹಬ್ಬಿದವು. ಅವನ್ನು ಹತ್ತಿಕ್ಕಲು ರೈತರು ಇಂದಿಗೂ ವಿಷವಿಟ್ಟ ಕ್ಯಾರೆಟ್ ಮತ್ತು ಓಟ್ಸ್ ಚೆಲ್ಲುತ್ತಾರೆ. 1080 ಎಂಬ ಹೆಸರಿನ ಸೋಡಿಯಂ ಫ್ಲೋರೋಅಸಿಟೇಟ್ ಮತ್ತು ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಿಂಡೋನ್ ಅವುಗಳಲ್ಲಿ ಮುಖ್ಯವಾದವು. ಆದ್ದರಿಂದ ಈ ಜಮೀನಿನಲ್ಲಾಗಲಿ ಅಕ್ಕಪಕ್ಕದಲ್ಲಾಗಲಿ ಇತ್ತೀಚೆಗೆ ವಿಷ ಇಟ್ಟಿದ್ದಾರೆಯೇ ಎಂದು ಮಾಲೀಕರನ್ನು ಪ್ರತಿ ಸಲವೂ ಬಾಯಿಬಿಟ್ಟು ಕೇಳಿ. ಇಟ್ಟಿದ್ದರೆ ಅಲ್ಲಿನ ಮೊಲವನ್ನು ತಿನ್ನಬಾರದು. ಅಂಥ ಮೊಲದ ಕರುಳನ್ನು ತಿಂದ ನಾಯಿಯೂ ಸಾಯುತ್ತದೆ. ಸತ್ತು ಬಿದ್ದ ಮೊಲವನ್ನು, ಓಡಲಾರದೆ ಕುಳಿತ ಮೊಲವನ್ನು ಎಂದಿಗೂ ಎತ್ತಿಕೊಳ್ಳಬೇಡಿ.

ಪ್ರಶ್ನೆ: ಮೊಲದ ಲಿವರ್ ಮೇಲೆ ಬಿಳಿಯ ಚುಕ್ಕೆಗಳಿದ್ದವು. ಇನ್ನೊಂದು ಮೊಲದ ತೊಡೆಯಲ್ಲಿ ಲೋಳೆಯಂಥ ಗುಳ್ಳೆಯಿತ್ತು. ಎರಡನ್ನೂ ಎಸೆದೆವು. ಅಷ್ಟು ಭಯ ಬೇಕಿತ್ತೇ? (ಜೀಲಾಂಗ್‌ನ ಓದುಗರೊಬ್ಬರು)

ಉತ್ತರ: ಎಸೆದದ್ದು ತಪ್ಪಲ್ಲ, ಆದರೆ ಎರಡರ ಕಥೆ ಬೇರೆ ಬೇರೆ. ಲಿವರ್ ಮೇಲಿನ ಬಿಳಿ ಅಥವಾ ಹಳದಿ ಗಂಟುಗಳು ಬಹಳಷ್ಟು ಸಲ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಯಿಂದ ಆದವು. ಅದು ಮನುಷ್ಯರಿಗೆ ಹತ್ತುವುದಿಲ್ಲ. ಮೊಲ ಮೈತುಂಬಿಕೊಂಡಿದ್ದರೆ ಲಿವರ್ ಎಸೆದು ಮಾಂಸವನ್ನು ಚೆನ್ನಾಗಿ ಬೇಯಿಸಿ ತಿನ್ನಬಹುದು. ಲೋಳೆಯ ಗುಳ್ಳೆ ನಾಯಿ, ನರಿಗಳ ಲಾಡಿಹುಳುವಿನ ಮರಿ ಅವಸ್ಥೆ. ಗುಳ್ಳೆಯಿಂದ ನೇರವಾಗಿ ನಮಗೆ ಅಪಾಯವಿಲ್ಲ. ಆದರೆ ಅದನ್ನು ಹಸಿಯಾಗಿ ತಿಂದ ನಾಯಿಯ ಹೊಟ್ಟೆಯಲ್ಲಿ ಹುಳು ಬೆಳೆದು, ಮೊಟ್ಟೆಗಳು ಅದರ ಮಲದ ಮೂಲಕ ಅಂಗಳಕ್ಕೆ ಬೀಳುತ್ತವೆ. ಆದ್ದರಿಂದ ಹಸಿ ಕರುಳು, ಗುಳ್ಳೆಗಳನ್ನು ನಾಯಿಗೆ ಹಾಕದೆ ಆಳವಾಗಿ ಹೂಳಿಬಿಡಿ.

ಲಿವರ್ ಮತ್ತು ಗುಲ್ಮ ಎರಡೂ ಊದಿಕೊಂಡು ಮೈಯೊಳಗೆಲ್ಲ ಸಾಸಿವೆಯಷ್ಟು ಸಣ್ಣ ಬಿಳಿ ಚುಕ್ಕೆಗಳು ಕಂಡರೆ ಮಾತ್ರ ಹಿಂದೆಮುಂದೆ ನೋಡದೆ ಇಡೀ ಪ್ರಾಣಿಯನ್ನು ಬಿಡಬೇಕು. ರೆಪ್ಪೆಗಳು ಊದಿ ಕಣ್ಣು ಮುಚ್ಚಿಹೋಗಿದ್ದರೆ ಅದು 1950ರಲ್ಲಿ ಅಲ್ಲಿನ ಸರ್ಕಾರವೇ ಹರಡಿದ ಮಿಕ್ಸೊಮಟೋಸಿಸ್ ರೋಗ. ಮನುಷ್ಯರಿಗೆ ಅದು ಬರುವುದಿಲ್ಲವಾದರೂ ಆ ಮಾಂಸ ತಿನ್ನುವಂಥದ್ದಲ್ಲ. ಅಮೆರಿಕದಲ್ಲಿರುವ ನಮ್ಮ ಓದುಗರು ಇನ್ನೂ ಎಚ್ಚರದಿಂದಿರಬೇಕು. ಅಲ್ಲಿನ ಕಾಡುಮೊಲಗಳಲ್ಲಿ ಟುಲರೀಮಿಯಾ ಎಂಬ ರೋಗವಿದ್ದು, ಅದು ಕೈಯ ಸಣ್ಣ ಗೀರಿನ ಮೂಲಕವೂ ಒಳಹೊಗುತ್ತದೆ. ಕೈಗವಸು ಇಲ್ಲದೆ ಮೊಲವನ್ನು ಬಗೆಯಬಾರದು. ಬಗೆದ ಕೆಲವು ದಿನಗಳಲ್ಲಿ ಜ್ವರ, ಕಂಕುಳಲ್ಲಿ ಗಡ್ಡೆ ಕಾಣಿಸಿಕೊಂಡರೆ ವೈದ್ಯರಿಗೆ ಮೊಲದ ವಿಷಯವನ್ನು ಮರೆಯದೆ ಹೇಳಿ, ಆಂಟಿಬಯೋಟಿಕ್‌ಗಳಿಂದ ಅದು ಗುಣವಾಗುತ್ತದೆ.

ಪ್ರಶ್ನೆ: ನಮ್ಮ ಹೊಲದಲ್ಲಿ ಮೊಲಗಳು ಶೇಂಗಾ ಬೆಳೆ ತಿನ್ನುತ್ತವೆ. ಅವನ್ನು ಹಿಡಿದು ಹೀಗೆಯೇ ಹಸನು ಮಾಡಬಹುದೇ? (ಹಿರಿಯೂರು ತಾಲ್ಲೂಕಿನ ರೈತರು)

ಉತ್ತರ: ಖಂಡಿತ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಮೊಲವನ್ನು ಕೊಲ್ಲುವುದು ಮಾತ್ರವಲ್ಲ, ಉರುಳು ಹಾಕುವುದೂ ಮಾಂಸ ಇಟ್ಟುಕೊಳ್ಳುವುದೂ ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಸ್ವಂತ ಹೊಲ ಎಂಬುದರಿಂದ ವಿನಾಯಿತಿ ಸಿಗುವುದಿಲ್ಲ. ಅಲ್ಲದೆ ನಮ್ಮದು ಬಿಲ ತೋಡದ, ಪೊದೆಯ ಮರೆಯಲ್ಲಿ ಮಲಗುವ, ಕಣ್ಣು ತೆರೆದ ಮರಿ ಹಾಕುವ ಬೇರೆಯೇ ಪ್ರಾಣಿ. ಆಸ್ಟ್ರೇಲಿಯಾದಲ್ಲಿ ಪಿಡುಗಾಗಿರುವುದು ಬಿಲದಲ್ಲಿ ಬದುಕುವ ಯುರೋಪಿನ ಮೊಲ. ಬೆಳೆ ಹಾನಿಗೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಅರ್ಜಿ ಕೊಡಿ, ಬದುವಿನ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿ.

ಪ್ರಶ್ನೆ: ಕಾಡುಮೊಲದ ಮಾಂಸ ಎಷ್ಟು ಬೇಯಿಸಿದರೂ ರಬ್ಬರಿನಂತೆ ಇರುತ್ತದೆ. ಉಪಾಯವೇನು? (ಮೆಲ್ಬರ್ನ್‌ನ ಓದುಗರು)

ಉತ್ತರ: ಸುಲಿಯುವ ಮುಂಚೆಯೇ ಕಿವಿಯ ಅಂಚನ್ನು ಹರಿದು ನೋಡಿ. ಸುಲಭವಾಗಿ ಹರಿದರೆ, ಉಗುರು ಚೂಪಾಗಿದ್ದರೆ ಎಳೆಯದು, ಹುರಿಯಲು ತಕ್ಕದ್ದು. ಬಲಿತ ಮೊಲವನ್ನು ಸುಲಿದ ಮೇಲೆ ಉಪ್ಪುನೀರಿನಲ್ಲಿ ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು, ಬೆನ್ನಿನ ಮೇಲಿನ ಬೆಳ್ಳಿಬಣ್ಣದ ಪೊರೆಯನ್ನು ಚಾಕುವಿನಿಂದ ಬಿಡಿಸಿ ತೆಗೆಯಿರಿ, ಆ ಪೊರೆ ಎಷ್ಟು ಬೇಯಿಸಿದರೂ ಕರಗುವುದಿಲ್ಲ. ಕಾಡುಮೊಲದಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಎಣ್ಣೆ, ತೆಂಗಿನಕಾಯಿ ಧಾರಾಳವಾಗಿರುವ ಮಸಾಲೆಯಲ್ಲಿ ಸಣ್ಣ ಉರಿಯ ಮೇಲೆ ಎರಡು ಗಂಟೆ ಬಿಡಿ. ಬೆನ್ನಿನ ತುಂಡುಗಳು ಬೇಗ ಬೇಯುವುದರಿಂದ ಅವನ್ನು ಕೊನೆಯ ಮುಕ್ಕಾಲು ಗಂಟೆಗೆ ಹಾಕಿದರೆ ಸಾಕು.