ಕಾರ್ಟ್ ಬೇಕು, ತೂಕದ ಯಂತ್ರ ಬೇಡ

(ಕುಟುಂಬದ ಗುರುತು ಸಿಗದಂತೆ ಹೆಸರು, ವಿವರಗಳನ್ನು ಬದಲಿಸಲಾಗಿದೆ.)

ನಿಧಿಗೆ 13 ವರ್ಷ. ಬೆಂಗಳೂರಿನ ಹುಡುಗಿ, ಗೋ-ಕಾರ್ಟ್ ಎಂಬ ಪುಟ್ಟ ತೆರೆದ ಗಾಡಿಯನ್ನು ರೇಸಿನಲ್ಲಿ ಓಡಿಸುತ್ತಾಳೆ. ಅವಳನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದವರು ತಾಯಿ. ರಾತ್ರಿ ಊಟ ಬಿಡುತ್ತಾಳೆ, ಶುಕ್ರವಾರ ಸಂಜೆಯಾದರೆ ಹೊಟ್ಟೆನೋವು ಎನ್ನುತ್ತಾಳೆ ಎಂಬುದು ಅವರ ದೂರು. ಪರಿಹಾರವನ್ನೂ ಅವರೇ ನಿರ್ಧರಿಸಿಕೊಂಡು ಬಂದಿದ್ದರು: "ಈ ರೇಸಿನ ಹುಚ್ಚು ಬಿಡಿಸಿಬಿಡಿ ಮೇಡಂ."

ತಂದೆಗೆ ಸ್ವಂತ ಮುದ್ರಣಾಲಯವಿದೆ. ಎರಡನೆಯ ಭೇಟಿಗೆ ಅವರು ಲ್ಯಾಪ್ (ಟ್ರ್ಯಾಕಿನ ಒಂದು ಸುತ್ತು) ಸಮಯಗಳನ್ನು ಬರೆದಿಟ್ಟ ದಪ್ಪ ನೋಟ್‌ಬುಕ್ ಹಿಡಿದು ಬಂದರು. ಯಾವ ತಿರುವಿನಲ್ಲಿ ಮಗಳು ಬೇಗ ಬ್ರೇಕ್ ಒತ್ತುತ್ತಾಳೆ, ಟೈರಿನ ಒತ್ತಡ ಎಷ್ಟಿತ್ತು, ಎಲ್ಲವೂ ಅದರಲ್ಲಿತ್ತು. ಮಗಳಿಗಾಗಿ ಭಾನುವಾರಗಳನ್ನೆಲ್ಲ ಕೊಟ್ಟ ಮನುಷ್ಯ. ಅವರನ್ನು ಖಳನಾಯಕನಂತೆ ನೋಡಲು ನನಗೆ ಸಾಧ್ಯವಾಗಲಿಲ್ಲ. "ಕಾರ್ ರೇಸರ್ ಮೈನಿ ಸಹೋದರರೂ ನಮ್ಮೂರಿನವರೇ, ಅವರೂ ಕಾರ್ಟಿಂಗ್‌ನಿಂದಲೇ ಮೇಲೆ ಬಂದರಲ್ಲವೇ?" ಎಂದರು. ನಿಜವೇ. ಆದರೆ ಇಷ್ಟು ದೊಡ್ಡ ದೇಶದಿಂದ ಕಾರ್ ರೇಸಿನ ಅತ್ಯುನ್ನತ ಹಂತವಾದ ಫಾರ್ಮುಲಾ ಒನ್ ರೇಸಿಗಿಳಿದವರು ಇಬ್ಬರೇ: 2005ರಲ್ಲಿ ನರೇನ್ ಕಾರ್ತಿಕೇಯನ್, 2010ರಲ್ಲಿ ಕರುಣ್ ಚಾಂಧೋಕ್. ಆ ಲೆಕ್ಕ ತಂದೆಗೂ ಗೊತ್ತಿತ್ತು, ನೋಟ್‌ಬುಕ್‌ನಲ್ಲಿ ಮಾತ್ರ ಇರಲಿಲ್ಲ.

ನಿಧಿ ಒಬ್ಬಳೇ ಇರುವಾಗ ಅವಳೊಂದಿಗೆ ಮಾತನಾಡಿದೆ. ಮೊದಲು ಕಾರ್ಟ್ ಬಗ್ಗೆಯೇ ಕೇಳಿದೆ. ಗಾಡಿಗೆ ಕುಲುಕು ತಡೆಯುವ ಸಸ್ಪೆನ್ಷನ್ ಇಲ್ಲ, ಎಡಗಾಲಿಗೆ ಬ್ರೇಕ್, ಬಲಗಾಲಿಗೆ ಆಕ್ಸಿಲರೇಟರ್, ತಿರುವಿನಲ್ಲಿ ಸೀಟಿನ ಅಂಚು ಪಕ್ಕೆಲುಬಿಗೆ ಒತ್ತುತ್ತದೆ, ಅದಕ್ಕೇ ರಿಬ್ ಪ್ರೊಟೆಕ್ಟರ್ ಎಂದು ಕೈ ಆಡಿಸುತ್ತಾ ವಿವರಿಸಿದಳು. ಹೊಟ್ಟೆನೋವಿನ ಮಗು ಎಲ್ಲಿ ಹೋಯಿತೋ! ಆಟ ಬೇಸರವಾದ ಮಕ್ಕಳು ಹೀಗೆ ಮಾತನಾಡುವುದಿಲ್ಲ. ಊಟದ ವಿಷಯ ತೆಗೆದಾಗ ಕೈಗಳು ಮಡಿಲಿಗೆ ಇಳಿದವು.

ಕಾರ್ಟಿಂಗ್‌ನಲ್ಲಿ ಒಂದೊಂದು ಸ್ಪರ್ಧಾ ವರ್ಗಕ್ಕೂ ಚಾಲಕ ಮತ್ತು ಗಾಡಿ ಸೇರಿ ಇಷ್ಟು ಎಂಬ ಕನಿಷ್ಠ ತೂಕವಿದೆ. ರೇಸ್ ಮುಗಿದ ಮೇಲೆ ಚಾಲಕನನ್ನೂ ಗಾಡಿಯನ್ನೂ ತೂಕಕ್ಕೆ ಹಾಕುತ್ತಾರೆ, ಕಡಿಮೆ ಬಂದರೆ ಅನರ್ಹ. ಹಗುರವಾಗಿರುವ ಮಕ್ಕಳ ಸೀಟಿಗೆ ಸೀಸದ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿಯುತ್ತಾರೆ. ಕಳೆದ ವರ್ಷ ನಿಧಿಯ ಸೀಟಿಗೂ ಸೀಸವಿತ್ತು. ಈ ವರ್ಷ ಅವಳು ಎತ್ತರವಾದಳು, ಋತುಮತಿಯಾದಳು. ಸೀಸ ಪೂರ್ತಿ ತೆಗೆದ ಮೇಲೂ ತೂಕ ಕನಿಷ್ಠ ಮಿತಿಯನ್ನು ದಾಟಿತು, ಹೆಚ್ಚಾದ ತೂಕ ಗಾಡಿಯ ವೇಗವನ್ನು ತಗ್ಗಿಸುತ್ತದೆ. ಗಾಡಿ ಸಿದ್ಧಪಡಿಸುವ ಜಾಗವಾದ ಪಿಟ್‌ನಲ್ಲಿ ಮೆಕ್ಯಾನಿಕ್ ಹತ್ತಿರ ತಂದೆ "ಇನ್ನೆರಡು ಕಿಲೋ ಇಳಿದಿದ್ದರೆ ಮೊದಲ ಸಾಲಿನಲ್ಲಿರುತ್ತಿದ್ದಳು" ಎಂದದ್ದು ಅವಳ ಕಿವಿಗೆ ಬಿತ್ತು. ಅಂದಿನಿಂದ ರಾತ್ರಿಯ ಊಟ ಬಿಟ್ಟಳು.

ಜೊತೆಗೆ, ಕೊಯಮತ್ತೂರಿನ ರೇಸಿಗಾಗಿ ಅಮ್ಮನ ಬಳೆಗಳನ್ನು ಅಡವಿಟ್ಟದ್ದು ಅವಳಿಗೆ ತಿಳಿದಿತ್ತು. ಅಲ್ಲಿಂದ ಹಿಂತಿರುಗುವಾಗ ದಾರಿಯುದ್ದಕ್ಕೂ ಕಾರಿನಲ್ಲಿ ಅವಳ ತಪ್ಪುಗಳ ವಿಶ್ಲೇಷಣೆ ನಡೆದಿತ್ತಂತೆ. "ಆಂಟಿ, ನನಗೆ ಕಾರ್ಟ್ ಬೇಕು. ಆ ಕಾರಿನಲ್ಲಿ ವಾಪಸ್ ಬರುವುದು ಮಾತ್ರ ಬೇಡ" ಎಂದಳು. ಇದನ್ನು ತಂದೆಗೆ ಹೇಳಲು ಅವಳ ಒಪ್ಪಿಗೆ ಪಡೆದೆ.

ಮೊದಲು ಮಕ್ಕಳ ವೈದ್ಯರಲ್ಲಿಗೆ ಕಳಿಸಿದೆ. ಊಟ ಬಿಡುವ ಮಗುವಿಗೆ ಬರಿಯ ಮಾತಿನ ಸಲಹೆ ಸಾಲದು. ಈ ವಯಸ್ಸಿನಲ್ಲಿ ತೂಕ ಏರುವುದು ಬೆಳವಣಿಗೆಯ ಭಾಗ. ಅದನ್ನು ತಡೆಯಲು ಹೊರಟರೆ ಮುಟ್ಟಿನ ಕ್ರಮವೂ ಮೂಳೆಯ ಬಲವೂ ಕೆಡಬಹುದು. ಊಟ ಸರಿಯಾಗಿದೆ ಎಂದು ವೈದ್ಯರು ಹೇಳುವವರೆಗೆ ರೇಸ್ ಬೇಡ ಎಂದೆ. ಮನೆಯಲ್ಲಾಗಲಿ ಪಿಟ್‌ನಲ್ಲಾಗಲಿ ಅವಳ ತೂಕದ ಮಾತು ಯಾರೂ ಎತ್ತಬಾರದು, ಮೆಕ್ಯಾನಿಕ್‌ಗೂ ತಂದೆಯೇ ಇದನ್ನು ತಿಳಿಸಬೇಕು. ಮೈ ಬೆಳೆದರೆ ಕನಿಷ್ಠ ತೂಕ ಹೆಚ್ಚಿರುವ ಮೇಲಿನ ವರ್ಗಕ್ಕೆ ಹೋಗುವುದೇ ದಾರಿ. ಅಲ್ಲಿ ಒಂದು ವರ್ಷ ಹಿಂದಿನ ಸಾಲಿನಲ್ಲಿ ಓಡಿಸಬೇಕಾಗಬಹುದು. ತಂದೆಗೆ ಇದು ಮಗಳಿಗಿಂತ ಕಷ್ಟವಾಯಿತು.

ಕಾರಿನ ವಿಷಯದಲ್ಲಿ ನಾನು ಪಟ್ಟು ಹಿಡಿದೆ. ರೇಸ್ ದಿನ ಮನೆ ತಲುಪುವವರೆಗೆ ಲ್ಯಾಪ್ ಸಮಯದ ಮಾತಿಲ್ಲ. ಅವಳಾಗಿ ಎತ್ತಿದರೆ ಕೇಳಿಸಿಕೊಳ್ಳುವುದು, ಅಷ್ಟೇ. ನೋಟ್‌ಬುಕ್ ನಿಧಿಯ ಕೈಗೆ ಹೋಗಬೇಕು, ಬರೆಯುವುದೂ ಬಿಡುವುದೂ ಅವಳಿಷ್ಟ. ತಿದ್ದಿ ಹೇಳುವುದು ತರಬೇತುದಾರರ ಕೆಲಸ, ಅದಕ್ಕೆ ಅವರಿಗೆ ಹಣ ಕೊಡುತ್ತಿದ್ದೀರಲ್ಲ ಎಂದೆ. "ಹಾಗಾದರೆ ನನಗೇನು ಕೆಲಸ?" ಎಂದು ತಂದೆ ಕೇಳಿದರು. ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿನ್ನಿಸಿ, ಹೆಲ್ಮೆಟ್ ಪಟ್ಟಿ ಬಿಗಿಯಾಗಿದೆಯೇ ನೋಡಿ ಎಂದೆ. ನಕ್ಕರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಹಣದ ಮಾತನ್ನು ಗಂಡ ಹೆಂಡತಿ ಮೊದಲು ತಾವಿಬ್ಬರೇ ಕೂತು ಆಡಬೇಕಿತ್ತು. ಟೈರು, ಎಂಜಿನ್ ದುರಸ್ತಿ, ಪ್ರವೇಶ ಶುಲ್ಕ, ಮೆಕ್ಯಾನಿಕ್ ಸಂಬಳ, ಪ್ರಯಾಣ ಎಲ್ಲ ಸೇರಿಸಿ ವರ್ಷಕ್ಕೆ ಒಂದು ಮಿತಿ. ಸಾಲ ಮಾಡುವಂತಿಲ್ಲ. ಮಿತಿ ಮುಗಿದರೆ ಆ ವರ್ಷದ ರೇಸ್ ಮುಗಿಯಿತು. "ಇದು ನಾವು ಖುಷಿಯಿಂದ ಮಾಡುವ ಖರ್ಚು, ನೀನು ತೀರಿಸಬೇಕಾದ್ದು ಏನೂ ಇಲ್ಲ" ಎಂದು ಮಗಳಿಗೆ ಬಾಯಿಬಿಟ್ಟು ಹೇಳಲು ಸೂಚಿಸಿದೆ. ತಾಯಿ ಬಳೆ ಬಿಡಿಸಿಕೊಳ್ಳುವುದನ್ನೇ ಮೊದಲ ಷರತ್ತಾಗಿಟ್ಟರು. ನ್ಯಾಯವೇ.

ಈಗ ನಿಧಿ ರಾತ್ರಿ ಊಟ ಮಾಡುತ್ತಿದ್ದಾಳೆ, ವೈದ್ಯರ ಅನುಮತಿಯ ಮೇಲೆ ಅಭ್ಯಾಸಕ್ಕೂ ಹೋಗುತ್ತಿದ್ದಾಳೆ. ಹೊಟ್ಟೆನೋವು ಕಡಿಮೆಯಾಗಿದೆ, ನಿಂತಿಲ್ಲ. ತಂದೆ ಒಮ್ಮೆ ಕಾರಿನಲ್ಲಿ ಮಾತು ತೆಗೆದಾಗ "ಅಪ್ಪಾ, ಮನೆ ಇನ್ನೂ ಬಂದಿಲ್ಲ" ಎಂದು ತಡೆದಳಂತೆ. ಮೇಲಿನ ವರ್ಗಕ್ಕೆ ಈ ವರ್ಷವೇ ಹೋಗುವುದೋ, ಮುಂದಿನ ವರ್ಷವೋ ಎಂಬುದನ್ನು ಅವಳು ಇನ್ನೂ ತೀರ್ಮಾನಿಸಿಲ್ಲ. ಪರೀಕ್ಷೆ ಮುಗಿಸಿ ಹೇಳುತ್ತಾಳೆ.